ಅಂಗಳದಲ್ಲಿ ಗುಡುಗುವ ಎಂಜಿನ್

ಕಾರಿನಿಂದ ಹೊರಗಿಳಿಸಿದ ಹಳೆಯ ಎಂಜಿನ್ ಒಂದನ್ನು ಚಾಲೂ ಮಾಡಿ ನೋಡುವ ಕೆಲಸದಲ್ಲಿ ಭೌತಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ. ಎಚ್ಚರ ತಪ್ಪಿದರೆ ಪ್ರಾಣಾಪಾಯವೂ ಇದೆ.

ಗಂಗೊಳ್ಳಿಯಲ್ಲಾಗಲಿ, ಮರವಂತೆಯಲ್ಲಾಗಲಿ, ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವವರ ಅಂಗಳದಲ್ಲಿ ನೀರು ತುಂಬಿದ ದೊಡ್ಡ ಡ್ರಮ್ ಒಂದು ಇದ್ದೇ ಇರುತ್ತದೆ. ರಿಪೇರಿ ಮುಗಿದ ಎಂಜಿನ್ನಿನ ಕೆಳಭಾಗವನ್ನು ಆ ಡ್ರಮ್ಮಿಗೆ ಇಳಿಸಿ ಚಾಲೂ ಮಾಡುತ್ತಾರೆ. ನೀರು ಕುದಿದಂತೆ ಚಿಮ್ಮುತ್ತದೆ, ಎಂಜಿನ್ ಗರ್ಜಿಸುತ್ತದೆ. ಮೇಸ್ತ್ರಿ ಕಿವಿಗೊಟ್ಟು ಕೇಳಿ ತಲೆಯಾಡಿಸಿದ ಮೇಲೆಯೇ ಅದು ದೋಣಿಗೆ ಏರುತ್ತದೆ. ದಡದಲ್ಲಿ ಪರೀಕ್ಷೆ ಮಾಡದ ಎಂಜಿನ್ ನಡುಗಡಲಿನಲ್ಲಿ ಕೈಕೊಟ್ಟರೆ ಗತಿ ಏನು?

ಆ ಡ್ರಮ್ ಏಕೆ ಬೇಕು? ಔಟ್‌ಬೋರ್ಡ್ ಎಂಜಿನ್ ಕಡಲ ನೀರನ್ನೇ ಹೀರಿ ತನ್ನ ಮೈ ತಣಿಸಿಕೊಳ್ಳುತ್ತದೆ. ನೀರಿಲ್ಲದೆ ಓಡಿಸಿದರೆ ಅದರೊಳಗಿನ ನೀರೆತ್ತುವ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಇದು ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತು.

ಆದರೆ ಗಾಳಿಯಿಂದ ತಣಿಯುವ ಎಂಜಿನ್‌ಗಳ ವಿಷಯ ಬಂದಾಗ ನಮ್ಮ ಎಚ್ಚರ ಸಡಿಲವಾಗುತ್ತದೆ. ರೇಡಿಯೇಟರ್ ಇಲ್ಲ, ನೀರಿನ ಕೊಳವೆ ಇಲ್ಲ. 'ಗಾಳಿ ಎಲ್ಲ ಕಡೆ ಇದೆಯಲ್ಲ, ಎಲ್ಲಿಟ್ಟು ಚಾಲೂ ಮಾಡಿದರೇನು?' ಎಂದು ನಾಲ್ಕು ಕಲ್ಲುಗಳ ಮೇಲೆ ಕೂರಿಸಿ, ಬಾಟಲಿಯಲ್ಲಿ ಪೆಟ್ರೋಲ್ ತೂಗುಹಾಕಿ, ಒಂದು ಬ್ಯಾಟರಿ ಜೋಡಿಸಿ ಓಡಿಸಲು ಹೊರಡುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿ ಗ್ಯಾರೇಜುಗಳಿಗೂ ಗುಜರಿ ಅಂಗಡಿಗಳಿಗೂ ಕೊರತೆಯಿಲ್ಲ. ಎಂಜಿನ್ ಕಂಡರೆ ಕಣ್ಣರಳಿಸುವ ಹುಡುಗರಿಗೂ ಕೊರತೆಯಿಲ್ಲ. ಆದ್ದರಿಂದಲೇ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನೀರು ಬೇಡದ ಎಂಜಿನ್‌ಗಳು

ಗಾಳಿಯಿಂದ ತಣಿಯುವ ಕಾರೆಂದರೆ ಲೋಕಕ್ಕೆಲ್ಲ ಮೊದಲು ನೆನಪಾಗುವುದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಫರ್ಡಿನೆಂಡ್ ಪೋರ್ಷೆ 1930ರ ದಶಕದಲ್ಲಿ ರೂಪಿಸಿದ, ಆಮೆಯ ಬೆನ್ನಿನಂತಹ ಈ ಕಾರಿನ ಎಂಜಿನ್ ಹಿಂಬದಿಯಲ್ಲಿದೆ. ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿವೆ. 2003ರಲ್ಲಿ ಮೆಕ್ಸಿಕೊದ ಕಾರ್ಖಾನೆಯಿಂದ ಕೊನೆಯ ಬೀಟಲ್ ಹೊರಬರುವ ಹೊತ್ತಿಗೆ ಎರಡು ಕೋಟಿಗೂ ಹೆಚ್ಚು ಕಾರುಗಳು ತಯಾರಾಗಿದ್ದವು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲೇ 1970ರ ದಶಕದಲ್ಲಿ 'ಬಾದಲ್' ಎಂಬ ಪುಟ್ಟ ಮೂರು ಚಕ್ರದ ಕಾರು ತಯಾರಾಗುತ್ತಿತ್ತು. ಮೈ ಫೈಬರ್ ಗಾಜಿನದು, ಹಿಂಬದಿಯಲ್ಲಿ 198 ಸಿ.ಸಿ.ಯ ಒಂಟಿ ಸಿಲಿಂಡರಿನ ಎರಡು ಸ್ಟ್ರೋಕಿನ ಎಂಜಿನ್. ಇದನ್ನು ತಯಾರಿಸಿದ ಸನ್‌ರೈಸ್ ಕಂಪನಿಯೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಡಾಲ್ಫಿನ್ ಕಾರನ್ನು ತಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜಾವಾ, ಯೆಜ್ಡಿ ಬೈಕುಗಳನ್ನು ಕೊಟ್ಟಿತು. ಇವೂ ಗಾಳಿಯನ್ನೇ ನಂಬಿದವು. ಹಳೆಯ ಚೇತಕ್ ಸ್ಕೂಟರ್, ಹಳೆಯ ಆಟೋರಿಕ್ಷಾ, ತೋಟಕ್ಕೆ ನೀರೆತ್ತುವ ಸಣ್ಣ ಪಂಪುಗಳು, ಮಳೆಗಾಲದಲ್ಲಿ ಅಂಗಡಿಯ ಮುಂದೆ ಗುರುಗುಡುವ ಪೆಟ್ರೋಲ್ ಜನರೇಟರ್ ಎಲ್ಲವೂ ಇದೇ ಕುಲಕ್ಕೆ ಸೇರಿದವು. ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಸಂಗ್ರಹವನ್ನು ತಪ್ಪದೆ ನೋಡಬಹುದು.

ಬಿಸಿ ಎಲ್ಲಿಗೆ ಹೋಗುತ್ತದೆ?

ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಮಾಡಿರುವುದು ಅಲ್ಯುಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಹಾಗಾದರೆ ಪಿಸ್ಟನ್ ಏಕೆ ಕರಗುವುದಿಲ್ಲ? ಆ ಬಿಸಿ ಕ್ಷಣ ಮಾತ್ರ ಇರುತ್ತದೆ, ಮರುಕ್ಷಣವೇ ತಣ್ಣನೆಯ ಹೊಸ ಮಿಶ್ರಣ ಒಳಬರುತ್ತದೆ, ಮತ್ತು ಲೋಹಕ್ಕೆ ತಗಲಿದ ಬಿಸಿ ನಿಲ್ಲದೆ ಹೊರಗೆ ಸಾಗುತ್ತಲೇ ಇರುತ್ತದೆ. ಈ ಸಾಗಾಟ ನಿಂತರೆ ಎಂಜಿನ್ನಿನ ಕಥೆ ಮುಗಿಯಿತು.

ಬಿಸಿ ಲೋಹದೊಳಗೆ ಸಾಗುವುದು ವಹನದಿಂದ. ಲೋಹದಿಂದ ಗಾಳಿಗೆ ದಾಟಿ ಹೋಗುವುದು ಮುಖ್ಯವಾಗಿ ಸಂವಹನದಿಂದ. ನೀರಿಗೆ ಹೋಲಿಸಿದರೆ ಗಾಳಿ ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಬಡವ. ಆದ್ದರಿಂದ ಅದಕ್ಕೆ ಹೆಚ್ಚು ಮೈ ತೋರಿಸಬೇಕು. ಸಿಲಿಂಡರಿನ ಸುತ್ತ ಬಳೆಗಳಂತೆ ಕಾಣುವ ಫಿನ್‌ಗಳು ಇರುವುದು ಅದಕ್ಕೇ.

ಒಂದು ಲೆಕ್ಕ ಮಾಡಿ ನೋಡೋಣ. 9 ಸೆಂಟಿಮೀಟರ್ ವ್ಯಾಸ, 10 ಸೆಂಟಿಮೀಟರ್ ಉದ್ದದ ಬರಿಯ ಸಿಲಿಂಡರಿನ ಹೊರಮೈ ಸುಮಾರು 283 ಚದರ ಸೆಂಟಿಮೀಟರ್. ಅದಕ್ಕೆ 2 ಸೆಂಟಿಮೀಟರ್ ಹೊರಚಾಚಿದ ಒಂದು ತೆಳುವಾದ ಬಳೆ ತೊಡಿಸಿದರೆ ಅದರ ಎರಡು ಮುಖಗಳ ವಿಸ್ತೀರ್ಣವೇ ಸುಮಾರು 138 ಚದರ ಸೆಂಟಿಮೀಟರ್. ಅಂತಹ 15 ಬಳೆಗಳಾದರೆ 2070! ಅಂದರೆ ಬರಿಯ ಸಿಲಿಂಡರಿಗಿಂತ ಏಳು ಪಟ್ಟಿಗೂ ಹೆಚ್ಚು ಜಾಗ ಗಾಳಿಗೆ ಸಿಕ್ಕಿತು. ಹತ್ತನೇ ತರಗತಿಯ ಕ್ಷೇತ್ರಫಲದ ಸೂತ್ರ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಆದರೆ ಮೈ ಹೆಚ್ಚಿದ್ದರೆ ಸಾಲದು, ಗಾಳಿ ಚಲಿಸಬೇಕು. ಓಡುವ ಬೈಕಿಗೆ ಎದುರುಗಾಳಿಯೇ ಸಾಕು. ಕಾರಿನ ಹಿಂಬದಿಯಲ್ಲಿ ಅಡಗಿ ಕುಳಿತ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದಕ್ಕಾಗಿ ಬೀಟಲ್ ಎಂಜಿನ್ನಿನಲ್ಲಿ ಫ್ಯಾನ್ ಇದೆ. ಬೆಲ್ಟ್ ಡೈನಮೊವನ್ನು ತಿರುಗಿಸುತ್ತದೆ, ಡೈನಮೊದ ಅದೇ ದಂಡದ ಇನ್ನೊಂದು ತುದಿಯಲ್ಲಿ ಫ್ಯಾನ್ ತಿರುಗುತ್ತದೆ. ಫ್ಯಾನಿನ ಸುತ್ತ ಒಂದು ತಗಡಿನ ಗೂಡು. ಅದರ ಕೆಳಗೆ ಸಿಲಿಂಡರ್‌ಗಳನ್ನು ಅಪ್ಪಿಕೊಂಡ ತಗಡಿನ ಹೊದಿಕೆಗಳು. ಬಲವಂತವಾಗಿ ಊದಿದ ಗಾಳಿ ಪ್ರತಿ ಫಿನ್ನಿನ ಸಂದಿಯಲ್ಲೂ ನುಗ್ಗಿಯೇ ಹೊರಗೆ ಹೋಗಬೇಕು. ಚೇತಕ್ ಸ್ಕೂಟರಿನಲ್ಲೂ ಇದೇ ಉಪಾಯ. ಅಲ್ಲಿ ಫ್ಲೈವೀಲಿಗೇ ರೆಕ್ಕೆಗಳಿವೆ.

ತಗಡು ಅಲಂಕಾರಕ್ಕಲ್ಲ

ಎಂಜಿನ್ ಹೊರಗಿಳಿಸಿ ಓಡಿಸುವಾಗ ನಡೆಯುವ ಮೊದಲ ತಪ್ಪು ಇಲ್ಲೇ. ತುಕ್ಕು ಹಿಡಿದ ತಗಡುಗಳನ್ನು ಬಿಚ್ಚಿಟ್ಟು, 'ಬಯಲಿನಲ್ಲಿ ಗಾಳಿ ಚೆನ್ನಾಗಿ ತಾಗುತ್ತದೆ' ಎಂದುಕೊಳ್ಳುತ್ತಾರೆ. ವಾಸ್ತವವಾಗಿ ತಗಡಿಲ್ಲದಿದ್ದರೆ ಫ್ಯಾನಿನ ಗಾಳಿ ದಾರಿ ಸುಲಭವಿದ್ದ ಕಡೆ ಚದುರಿಹೋಗುತ್ತದೆ. ಫಿನ್‌ಗಳ ನಡುವಿನ ಇಕ್ಕಟ್ಟಿನಲ್ಲಿ ಬಿಸಿಗಾಳಿ ಅಲ್ಲೇ ನಿಲ್ಲುತ್ತದೆ. ಎಂಜಿನ್ ಖಾಲಿ ಓಡುವಾಗ ಗಂಟೆಗೆ ಅರ್ಧ ಲೀಟರ್ ಪೆಟ್ರೋಲ್ ಸುಟ್ಟಿತು ಎನ್ನಿ. ಅದು 4000 ವಾಟ್‌ಗೂ ಹೆಚ್ಚು, ಅಂದರೆ ನಾಲ್ಕು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿದಷ್ಟು ಬಿಸಿ. ಚಕ್ರ ತಿರುಗಿಸುವ ಕೆಲಸವೂ ಇಲ್ಲದ್ದರಿಂದ ಸುಟ್ಟ ಪ್ರತಿ ಹನಿಯೂ ಕೊನೆಗೆ ಬಿಸಿಯಾಗಿಯೇ ಮುಗಿಯಬೇಕು. ಒಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋದರೂ ಉಳಿದದ್ದು ಲೋಹದ ಪಾಲಿಗೆ.

ಆದ್ದರಿಂದ ನಿಯಮ ಸರಳ: ಫ್ಯಾನ್, ಬೆಲ್ಟ್, ತಗಡಿನ ಹೊದಿಕೆ ಎಲ್ಲವೂ ಅದರದರ ಜಾಗದಲ್ಲಿದ್ದರೆ ಮಾತ್ರ ಎಂಜಿನ್ ಚಾಲೂ. ಕಾರಿನೊಳಗೆ ಎಂಜಿನ್ನಿನ ಸುತ್ತ ಒಂದು ರಬ್ಬರ್ ಪಟ್ಟಿ ಇದ್ದು, ಕೆಳಗಿನ ಬಿಸಿಗಾಳಿಯನ್ನು ಮೇಲಿನ ತಣ್ಣನೆಯ ಗಾಳಿಯಿಂದ ಬೇರ್ಪಡಿಸುತ್ತದೆ. ಹೊರಗೆ ಓಡಿಸುವಾಗ ಅದು ಇರುವುದಿಲ್ಲ. ಹಾಗಾಗಿ ಗೋಡೆಯ ಮೂಲೆಗೆ ತಾಗಿಸಿ ಇಡಬಾರದು. ಉಗುಳಿದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಹೀರುವಂತಾಗುತ್ತದೆ. ಫ್ಯಾನ್ ಇಲ್ಲದ ಬೈಕ್ ಎಂಜಿನ್ನಾದರೆ ಎದುರಿಗೆ ದೊಡ್ಡ ಪೆಡೆಸ್ಟಲ್ ಫ್ಯಾನ್ ಇಟ್ಟು, ಅದರ ಗಾಳಿ ನೇರವಾಗಿ ಫಿನ್‌ಗಳಿಗೆ ಬೀಳುವಂತೆ ಮಾಡಬೇಕು. ಆ ಫ್ಯಾನಿನ ವೈರು ಪೆಟ್ರೋಲಿನಿಂದ ದೂರವಿರಲಿ.

ನಮ್ಮ ಕರಾವಳಿಗೇ ವಿಶೇಷವಾದ ಇನ್ನೊಂದು ತೊಂದರೆ ಇದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದ ಎಂಜಿನ್ನಿನ ಫಿನ್ ಸಂದಿಗಳಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿರುತ್ತವೆ. ತಗಡಿನೊಳಗೆ ಇಲಿಗಳು ತೆಂಗಿನ ನಾರು, ಕಾಗದದ ಚೂರು ತುಂಬಿರುತ್ತವೆ. ಕಡಲ ಉಪ್ಪುಗಾಳಿಗೆ ಅಲ್ಯುಮಿನಿಯಂ ಮೇಲೆ ಬಿಳಿಯ ಪುಡಿ ಹಿಡಿದಿರುತ್ತದೆ. ತಗಡು ಬಿಚ್ಚಿ ಇವೆಲ್ಲವನ್ನೂ ಕೆರೆದು ಸ್ವಚ್ಛ ಮಾಡಿದ ಮೇಲೆಯೇ ಮುಂದಿನ ಮಾತು.

ಕಲ್ಲಿನ ಮೇಲೆ ಕೂರಿಸಬೇಡಿ

ಪ್ರತಿ ಕ್ರಿಯೆಗೂ ಸಮಾನವಾದ ವಿರುದ್ಧ ಪ್ರತಿಕ್ರಿಯೆ ಇದೆ ಎಂದು ನ್ಯೂಟನ್ ಹೇಳಿದ. ಒಳಗಿನ ದಂಡವನ್ನು ಒಂದು ದಿಕ್ಕಿಗೆ ರಭಸದಿಂದ ತಿರುಗಿಸುವ ಎಂಜಿನ್, ತಾನು ಎದುರು ದಿಕ್ಕಿಗೆ ಹೊರಳಲು ನೋಡುತ್ತದೆ. ಕಾರಿನಲ್ಲಿ ಚಾಸಿಸ್ ಅದನ್ನು ಹಿಡಿದಿಡುತ್ತದೆ. ಅಂಗಳದಲ್ಲಿ ಹಿಡಿಯುವವರು ಯಾರು? ಎಕ್ಸಲರೇಟರನ್ನು ಒಮ್ಮೆಲೇ ಎಳೆದಾಗ ಕಲ್ಲಿನ ಮೇಲಿದ್ದ ಎಂಜಿನ್ ಮಗುಚಿ ಬೀಳಬಹುದು. ಬೀಟಲ್ ಎಂಜಿನ್ ಸುಮಾರು ನೂರು ಕಿಲೋ ಭಾರದ್ದು. ಅದರ ಜೊತೆ ಪೆಟ್ರೋಲ್ ಕೊಳವೆಯೂ ಬ್ಯಾಟರಿಯ ವೈರೂ ಕಿತ್ತು ಬಂದರೆ ಏನಾದೀತು, ಊಹಿಸಿ.

ಕಬ್ಬಿಣದ ಆಂಗಲ್‌ಗಳಿಂದ ಬೆಸುಗೆ ಹಾಕಿದ, ಅಗಲವಾದ ಪಾದವುಳ್ಳ ಸ್ಟ್ಯಾಂಡ್ ಬೇಕು. ಎಂಜಿನ್ ಕಾರಿನಲ್ಲಿ ಯಾವ ಬೋಲ್ಟುಗಳಿಂದ ನಿಂತಿತ್ತೋ ಅದೇ ಬೋಲ್ಟುಗಳಿಂದ ಸ್ಟ್ಯಾಂಡಿಗೆ ಬಿಗಿಯಬೇಕು. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಬಿಚ್ಚಿ ಜೋಡಿಸಲು ಬಳಸುವ, ಒಂದೇ ತೋಳಿನಲ್ಲಿ ತಿರುಗಿಸುವ ಚಕ್ರದ ಸ್ಟ್ಯಾಂಡ್ ಓಡಿಸಲು ಯೋಗ್ಯವಲ್ಲ. ಎತ್ತಿ ಇಡಲು ಚೈನ್ ಪುಲ್ಲಿ ಬಳಸಿ, ಬೆನ್ನು ಬಳಸಬೇಡಿ. ಬೀಟಲ್‌ನಲ್ಲಿ ಇನ್ನೊಂದು ತೊಡಕು: ಸೆಲ್ಫ್ ಸ್ಟಾರ್ಟ್ ಮೋಟಾರ್ ಕೂರುವುದು ಎಂಜಿನ್ನಿನ ಮೇಲಲ್ಲ, ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗದಲ್ಲಿ. ಹಳೆಯ ಗೇರ್‌ಬಾಕ್ಸಿನಿಂದ ಆ ಭಾಗವನ್ನು ತಂದು ಜೋಡಿಸಿದರೆ ಮೋಟಾರಿಗೆ ನೆಲೆ ಸಿಗುತ್ತದೆ, ಜೊತೆಗೆ ಫ್ಲೈವೀಲಿಗೆ ಮರೆಯೂ ಆಗುತ್ತದೆ.

ಮರೆ ಏಕೆ? 8 ಕಿಲೋ ತೂಕದ, 26 ಸೆಂಟಿಮೀಟರ್ ವ್ಯಾಸದ ತಟ್ಟೆಯೊಂದು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 3300 ಜೂಲ್. ಹತ್ತು ಮೀಟರ್ ಎತ್ತರದ ತೆಂಗಿನ ಮರದಿಂದ 34 ಕಿಲೋ ಭಾರದ ಮೂಟೆ ಬಿದ್ದಷ್ಟು! ಲುಂಗಿಯ ತುದಿ, ಹೆಗಲ ಮೇಲಿನ ಬೈರಾಸು, ಚೂಡಿದಾರದ ಶಾಲು, ಕಾಲೇಜಿನ ಗುರುತಿನ ಚೀಟಿಯ ದಾರ ಇವೆಲ್ಲ ತಿರುಗುವ ಬೆಲ್ಟಿಗೆ ಸಿಕ್ಕಿದರೆ ಎಳೆದುಕೊಳ್ಳಲು ಅರೆಕ್ಷಣ ಸಾಕು. ಉಂಗುರ, ವಾಚು, ಕೈಕಡಗ ತೆಗೆದಿಡಿ. ಕೂದಲು ಕಟ್ಟಿಕೊಳ್ಳಿ. ಬೆಲ್ಟ್ ಮತ್ತು ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲಬಾರದು.

ಪೆಟ್ರೋಲ್ ಕಣ್ಣಿಗೆ ಕಾಣದಂತೆ ಹರಿಯುತ್ತದೆ

ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ ಎಂದ ಮೇಲೆ ಬೈಂದೂರಿನ ಬಿಸಿಲಿನಲ್ಲಿ ಹೇಳುವುದೇ ಬೇಡ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹಾರಿ ಹೋಗದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹತ್ತಡಿ ದೂರದಲ್ಲಿ ಬೀಡಿ ಹಚ್ಚಿದವನ ಬಳಿಗೂ ಅದು ತೆವಳಿಕೊಂಡು ಹೋಗಬಹುದು.

ಆದ್ದರಿಂದ ತೂಗುಹಾಕಿದ ಬಾಟಲಿ ಬೇಡ. ಕಾಕ್ ಇರುವ ಸಣ್ಣ ಲೋಹದ ಟ್ಯಾಂಕನ್ನು ಸೈಲೆನ್ಸರ್, ಬ್ಯಾಟರಿಗಳಿಂದ ದೂರದಲ್ಲಿ ಭದ್ರವಾಗಿ ಕಟ್ಟಿ, ಅರ್ಧ ಲೀಟರ್ ಮಾತ್ರ ತುಂಬಿ. ಪೆಟ್ರೋಲ್ ಪಂಪ್ ಇರುವ ಎಂಜಿನ್ನಿಗೆ ಟ್ಯಾಂಕ್ ಎತ್ತರದಲ್ಲಿರಬಾರದು. ಎತ್ತರದಿಂದ ಬೀಳುವ ಪೆಟ್ರೋಲಿನ ಒತ್ತಡಕ್ಕೆ ಕಾರ್ಬೊರೇಟರ್ ಉಕ್ಕಿ ಹರಿಯಬಹುದು. ಹಳೆಯ ರಬ್ಬರ್ ಕೊಳವೆಯನ್ನು ಯೋಚನೆ ಮಾಡದೆ ಎಸೆಯಿರಿ. ನಮ್ಮ ದೇಶದ ಪೆಟ್ರೋಲಿಗೆ ಈಗ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಐವತ್ತು ವರ್ಷದ ಹಿಂದಿನ ರಬ್ಬರು ಇದನ್ನು ತಾಳದೆ ಮೆತ್ತಗಾಗಿ ಒಡೆಯುತ್ತದೆ. ಎಥನಾಲ್ ತೇವವನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಬಳಸದಿರುವುದು ಮೇಲು.

ಎಂಜಿನ್ ಚಾಲೂ ಆಗದಿದ್ದರೆ ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಒಳಗಿನ ಬೆಂಕಿ ಹಿಂದಕ್ಕೆ ಚಿಮ್ಮಿದರೆ ಸುರಿಯುವವನ ಕೈ, ಮುಖ ಎರಡೂ ಉರಿಯುತ್ತವೆ. ಇದನ್ನು ಯಾರು ಮಾಡಿದರೂ ತಡೆಯಿರಿ.

ಬೆಂಕಿ ಬಿದ್ದರೆ ನೀರು ಎರಚುವಂತಿಲ್ಲ. ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಒಣಪುಡಿಯ ಅಗ್ನಿಶಾಮಕವೂ ಒಂದು ಬಕೆಟ್ ಒಣ ಮರಳೂ ಕೈಗೆಟಕುವಂತಿರಲಿ. ಬೀಟಲ್ ಎಂಜಿನ್ನಿಗೆ ಇನ್ನೂ ಒಂದು ಕಾರಣವಿದೆ: ಅದರ ಮುಖ್ಯ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಹತ್ತನೇ ತರಗತಿಯ ಮೊದಲ ಪಾಠದಲ್ಲಿ ಕಣ್ಣು ಕೋರೈಸುವಂತೆ ಉರಿಯುತ್ತದಲ್ಲ, ಅದೇ ಮೆಗ್ನೀಸಿಯಂ! ದಪ್ಪ ಕವಚ ಸುಲಭಕ್ಕೆ ಹೊತ್ತಿಕೊಳ್ಳದು. ಹೊತ್ತಿಕೊಂಡರೆ ಮಾತ್ರ, ಎರಚಿದ ನೀರಿನೊಡನೆ ಅದು ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡುತ್ತದೆ, ಬೆಂಕಿ ಇನ್ನೂ ಭುಗಿಲೇಳುತ್ತದೆ. ಆಗ ವೀರತನ ತೋರದೆ ದೂರ ಸರಿದು 101ಕ್ಕೆ ಫೋನ್ ಮಾಡಬೇಕು.

ವಾಸನೆಯಿಲ್ಲದ ವೈರಿ

ಬೆಂಕಿ ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯ ಇನ್ನೊಂದಿದೆ. ಪೆಟ್ರೋಲ್ ಪೂರ್ತಿ ಉರಿಯದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. 'ಪಿತ್ತ ಏರಿರಬೇಕು' ಎಂದು ಕುಳಿತವನು ಏಳುವುದೇ ಇಲ್ಲ.

ಹಳೆಯ ಕಾರ್ಬೊರೇಟರ್ ಎಂಜಿನ್‌ಗಳಲ್ಲಿ ಈ ಅನಿಲ ಹೆಚ್ಚು. ಚೋಕ್ ಎಳೆದು ತಣ್ಣಗೆ ಚಾಲೂ ಮಾಡಿದಾಗಲಂತೂ ಬಹಳ ಹೆಚ್ಚು. ಜೂನ್, ಜುಲೈ ತಿಂಗಳಲ್ಲಿ ಗಾಳಿಮಳೆ ಒಳಗೆ ಬರುತ್ತದೆಂದು ಶಟರ್ ಎಳೆದು ಒಳಗೇ ಎಂಜಿನ್ ಓಡಿಸುವುದು ಸಾವಿಗೆ ಕದ ತೆರೆದಂತೆ. ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಟ್ಟರೂ ಸಂದುಗಳಲ್ಲಿ ಸೋರುವ ಅನಿಲ ಒಳಗೇ ಉಳಿಯುತ್ತದೆ. ಬಯಲು ಅಂಗಳ, ಇಲ್ಲವೇ ನಾಲ್ಕೂ ಕಡೆ ತೆರೆದ ಮಾಡಿನಡಿ, ಇವೆರಡೇ ಸುರಕ್ಷಿತ ಜಾಗಗಳು. ಎಂಜಿನ್ ಸಹವಾಸವೇ ಬೇಡ ಎನ್ನುವ ಮನೆಯವರೂ ಈ ಮಾತನ್ನು ನೆನಪಿಡಬೇಕು, ಏಕೆಂದರೆ ಕರೆಂಟು ಹೋದಾಗ ಓಡಿಸುವ ಜನರೇಟರ್ ಉಗುಳುವುದೂ ಇದೇ ಅನಿಲವನ್ನು. ಅದನ್ನು ಮನೆಯೊಳಗೆ, ಅಂಗಡಿಯೊಳಗೆ, ಕಿಟಕಿಯ ಬುಡದಲ್ಲಿ ಇಡಬಾರದು. ಯಾರಾದರೂ ಕುಸಿದು ಬಿದ್ದರೆ ಮೊದಲು ಬಾಗಿಲುಗಳನ್ನೆಲ್ಲ ತೆರೆದು, ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಮುಚ್ಚಿದ ಕೋಣೆಗೆ ಒಬ್ಬರೇ ನುಗ್ಗಬೇಡಿ.

ನಿಲ್ಲಿಸುವ ವಿದ್ಯೆ

ಕೋಟೇಶ್ವರದ ಬಳಿ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುವ ಮಾತು ನನಗೆ ಬಹಳ ಹಿಡಿಸಿದೆ: "ಸ್ಟಾರ್ಟ್ ಮಾಡುದ್ ದೊಡ್ಡ ಸಂಗತಿ ಅಲ್ಲ ಮಾಷ್ಟ್ರೇ, ನಿಲ್ಸುಕೆ ಗೊತ್ತಿರ್ಕ್." ಅವನ ಗ್ಯಾರೇಜಿನಲ್ಲಿ ಕಲಿಯಲು ಬಂದ ಹುಡುಗರಿಗೆ ಮೊದಲು ತೋರಿಸುವುದೇ ನಿಲ್ಲಿಸುವ ಸ್ವಿಚ್ಚನ್ನು.

ಇಲ್ಲೊಂದು ಸ್ವಾರಸ್ಯವಿದೆ. ಬ್ಯಾಟರಿ ಮತ್ತು ಕಾಯಿಲ್ ಇರುವ ಎಂಜಿನ್ನಿನಲ್ಲಿ ಕಾಯಿಲ್‌ಗೆ ಹೋಗುವ ವೈರನ್ನು ಕಡಿದರೆ ಕಿಡಿ ನಿಲ್ಲುತ್ತದೆ. ಮ್ಯಾಗ್ನೆಟೊ ಇರುವ ಎಂಜಿನ್ನಿನಲ್ಲಿ ಇದಕ್ಕೆ ತದ್ವಿರುದ್ಧ. ಅದು ತಾನೇ ವಿದ್ಯುತ್ ಹುಟ್ಟಿಸಿಕೊಳ್ಳುವುದರಿಂದ ಬ್ಯಾಟರಿ ಕಿತ್ತರೂ ಓಡುತ್ತಲೇ ಇರುತ್ತದೆ. ಅದರ ವೈರನ್ನು ಎಂಜಿನ್ನಿನ ಮೈಗೆ ಮುಟ್ಟಿಸಿದರೆ, ಅಂದರೆ ಅರ್ತ್ ಮಾಡಿದರೆ ಮಾತ್ರ ನಿಲ್ಲುತ್ತದೆ. ಒಂದರಲ್ಲಿ ಮಂಡಲ ಬಿಚ್ಚಬೇಕು, ಇನ್ನೊಂದರಲ್ಲಿ ಜೋಡಿಸಬೇಕು. ಗಾಳಿ ತಣಿಸುವ ಡೀಸೆಲ್ ಪಂಪಿನಲ್ಲಂತೂ ಕಿಡಿಯೇ ಇಲ್ಲ, ಡೀಸೆಲ್ ಕಡಿಯುವ ಸನ್ನೆಯೇ ಗತಿ. ಯಾವ ಜಾತಿಯ ಎಂಜಿನ್ ಎಂದು ತಿಳಿಯದೆ ಚಾಲೂ ಮಾಡುವವನು ನಿಲ್ಲಿಸಲು ಪರದಾಡುತ್ತಾನೆ. ಸ್ವಿಚ್ಚನ್ನು ಎಂಜಿನ್ನಿಗೆ ಅಂಟಿಸದೆ, ಉದ್ದನೆಯ ವೈರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿಡಿ. ಅದರ ಬಳಿ ಒಬ್ಬರು ನಿಂತೇ ಇರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು.

ಪ್ಲಗ್ ವೈರಿನಲ್ಲಿ ಹಲವು ಸಾವಿರ ವೋಲ್ಟ್ ಇರುತ್ತದೆ ಎಂಬುದೂ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯಬಲ್ಲದು ಎಂಬುದೂ ನೆನಪಿನಲ್ಲಿರಲಿ. ಬೀಟಲ್‌ನ ಹಳೆಯ ಮಾದರಿಗಳು 6 ವೋಲ್ಟಿನವು. 12 ವೋಲ್ಟಿನ ಬ್ಯಾಟರಿ ಜೋಡಿಸುವ ಮೊದಲು ನೋಡಿಕೊಳ್ಳಬೇಕು.

ಮೊದಲ ಹತ್ತು ನಿಮಿಷ

ಚಾಲೂ ಮಾಡುವ ಮೊದಲು ಪ್ಲಗ್‌ಗಳನ್ನು ಬಿಚ್ಚಿ, ಕೈಯಿಂದ ಪುಲ್ಲಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಬಲ ಹಾಕದೆ ಕಾರಣ ಹುಡುಕಿ. ಹೊಸ ಆಯಿಲ್ ಹಾಕಿ. ಬೀಟಲ್‌ಗೆ ಎರಡೂವರೆ ಲೀಟರ್ ಸಾಕು. ಗಾಳಿ ತಣಿಸುವ ಎಂಜಿನ್ನಿನಲ್ಲಿ ಆಯಿಲ್ ಜಾರಿಕೆ ಕೊಡುವುದರ ಜೊತೆಗೆ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಬಾದಲ್, ಯೆಜ್ಡಿಯಂತಹ ಎರಡು ಸ್ಟ್ರೋಕಿನ ಎಂಜಿನ್ನಿಗೆ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಹೋಗಬೇಕು. ಬರಿಯ ಪೆಟ್ರೋಲಿನಲ್ಲಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮುಂದೆ, ಕಾಯಿಲ್‌ನ ವೈರು ಕಳಚಿಟ್ಟು, ಪ್ಲಗ್‌ಗಳಿಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಎಲ್ಲ ಕಡೆ ಹರಡುವಂತೆ ಮಾಡಬೇಕು. ಆಯಿಲ್ ಒತ್ತಡದ ದೀಪ ಆರಿದ ಮೇಲೆ ಪ್ಲಗ್ ಹಾಕಿ ಚಾಲೂ ಮಾಡಬಹುದು. ಬೀಟಲ್‌ನ ಡ್ಯಾಶ್‌ಬೋರ್ಡಿನ ಎರಡು ದೀಪಗಳನ್ನೂ ಸ್ಟ್ಯಾಂಡಿಗೆ ತಂದು ಜೋಡಿಸುವುದು ಜಾಣತನ. ಆಯಿಲ್ ದೀಪ ಹತ್ತಿತೋ, ಎಂಜಿನ್ ನಿಲ್ಲಿಸಿ. ಡೈನಮೊ ದೀಪ ಹತ್ತಿತೋ, ಆಗಲೂ ನಿಲ್ಲಿಸಿ. ಬೆಲ್ಟ್ ಕಡಿದಿರಬಹುದು, ಬೆಲ್ಟ್ ಹೋದರೆ ಫ್ಯಾನೂ ಹೋಯಿತು.

ಖಾಲಿ ಎಂಜಿನ್ನನ್ನು 'ರೇಸ್' ಮಾಡುವ ಚಪಲ ಬೇಡ. ಹೊರೆಯಿಲ್ಲದ ಎಂಜಿನ್ನಿಗೆ ಕಡಿವಾಣವಿಲ್ಲ, ಮಿತಿಮೀರಿ ಓಡಿ ಒಳಗಿನ ಭಾಗ ಮುರಿದುಕೊಳ್ಳುತ್ತದೆ. ಬರೀ ಪರೀಕ್ಷೆಗಾದರೆ ಕೆಲವು ನಿಮಿಷ ಸಾಕು. ಹೊಸ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ನನ್ನು ಮಾತ್ರ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ ಪಳಗಿಸುವ ಪದ್ಧತಿಯಿದೆ. ನಿಲ್ಲಿಸಿದ ಮೇಲೆ ಬಿಸಿ ಫಿನ್‌ಗಳ ಮೇಲೆ ನೀರು ಹೊಯ್ಯಬಾರದು. ಹೊರಮೈ ಥಟ್ಟನೆ ಕುಗ್ಗಿ, ಒಳಮೈ ಹಿಗ್ಗಿಯೇ ಉಳಿದು ಲೋಹ ಬಿರುಕು ಬಿಡುತ್ತದೆ. ಮಳೆಹನಿಗೂ ಸಿಗದಂತೆ, ಟಾರ್ಪಾಲನ್ನೂ ಹೊದಿಸದೆ, ತಾನಾಗಿ ತಣಿಯಲು ಬಿಡಿ.

ಹೆತ್ತವರಿಗೆ ಎರಡು ಮಾತು

'ಕೈ ಕರಿ ಮಾಡಿಕೊಂಡು ಬರಬೇಡ, ಓದು' ಎಂದು ಗದರುವುದು ಸುಲಭ. ಆದರೆ ಬಿಚ್ಚಿ ಜೋಡಿಸುವ ಕುತೂಹಲವೂ ಓದೇ. ಬೇಡವೆಂದರೆ ಹುಡುಗರು ಕದ್ದು ಮಾಡುತ್ತಾರೆ, ಕದ್ದು ಮಾಡುವುದು ಮುಚ್ಚಿದ ಕೋಣೆಯಲ್ಲೇ. ಅದಕ್ಕಿಂತ ಷರತ್ತು ಹಾಕಿ ಒಪ್ಪುವುದು ಮೇಲು: ಅನುಭವಸ್ಥ ಮೇಸ್ತ್ರಿ ಎದುರಿಗಿರಬೇಕು, ಬಯಲಿನಲ್ಲೇ ಆಗಬೇಕು, ಒಬ್ಬನೇ ಮಾಡಬಾರದು, ಸಣ್ಣ ಮಕ್ಕಳು ದೂರವಿರಬೇಕು. ಹಾಗೆಂದು ಹದಿನಾಲ್ಕು ತುಂಬದ ಮಕ್ಕಳನ್ನು ಗ್ಯಾರೇಜಿನ ಕೆಲಸಕ್ಕೆ ಹಚ್ಚುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ನಿಜವಾದ ಆಸಕ್ತಿ ಇದ್ದವರಿಗೆ ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್, ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿಗಳಿವೆ, ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಆಟೋಮೊಬೈಲ್ ಡಿಪ್ಲೊಮಾ ಇದೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ವಿಮಾನದ ಎಂಜಿನ್ನನ್ನು ವಿಮಾನಕ್ಕೆ ಏರಿಸುವ ಮೊದಲು ಪರೀಕ್ಷಾ ಕೋಣೆಯಲ್ಲಿ ಓಡಿಸಿ ನೋಡುವುದೂ ಇದೇ ವಿದ್ಯೆಯ ದೊಡ್ಡ ರೂಪ. 'ಇನ್ನು ಮುಂದೆ ಎಲ್ಲವೂ ವಿದ್ಯುತ್ ವಾಹನವಲ್ಲವೇ?' ಎಂದು ಕೇಳಬಹುದು. ಅವುಗಳ ಬ್ಯಾಟರಿ, ಮೋಟಾರುಗಳಿಗೂ ಬಿಸಿಯನ್ನು ಹೊರಹಾಕುವ ದಾರಿ ಬೇಕೇ ಬೇಕು. ಫಿನ್ನಿನ ಪಾಠ ಹಳತಾಗಿಲ್ಲ.

ಮಾಡಿ ನೋಡಿ

ಎಂಜಿನ್ ಇಲ್ಲದೆಯೇ ಮನೆಯಲ್ಲಿ ಮಾಡಬಹುದಾದ ಪ್ರಯೋಗ ಇದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಲ್ಲಿ ಒಂದೇ ಪ್ರಮಾಣದ ಬಿಸಿನೀರು ಹಾಕಿ, ಬಾಯಿಗೆ ರಟ್ಟು ಮುಚ್ಚಿ. ನೀರು ಸುರಿಯುವಾಗ ದೊಡ್ಡವರು ಜೊತೆಗಿರಲಿ. ಒಂದನ್ನು ಗಾಳಿಯಾಡದ ಮೂಲೆಯಲ್ಲಿಡಿ. ಇನ್ನೊಂದನ್ನು ಟೇಬಲ್ ಫ್ಯಾನಿನ ಎದುರಿಗೆ ಇಡಿ. ಮೂರನೆಯದನ್ನು ಅದೇ ಫ್ಯಾನಿನ ಎದುರಿಗೆ, ಅಷ್ಟೇ ದೂರದಲ್ಲಿಟ್ಟು, ಗಾಳಿ ಲೋಟದ ಮೈಗೆ ಅಂಟಿಕೊಂಡೇ ಸುತ್ತಿ ಹೋಗುವಂತೆ ಎರಡೂ ಪಕ್ಕದಲ್ಲಿ ಬಾಗಿಸಿದ ರಟ್ಟಿನ ಗೋಡೆ ನಿಲ್ಲಿಸಿ. ಎರಡು ನಿಮಿಷಕ್ಕೊಮ್ಮೆ ಥರ್ಮಾಮೀಟರಿನಿಂದ ಉಷ್ಣತೆ ಅಳೆದು, ಮೂರು ಗೆರೆಗಳ ನಕ್ಷೆ ಬರೆಯಿರಿ. ಪ್ರಯೋಗಶಾಲೆಯ ಥರ್ಮಾಮೀಟರೇ ಬೇಕು, ಜ್ವರದ್ದು ಒಡೆದುಹೋದೀತು.

ಮೂರು ಗೆರೆಗಳಲ್ಲಿ ಯಾವುದು ಕಡಿದಾಗಿ ಇಳಿಯಿತು? ನೀರು ತಣಿದಂತೆ ಇಳಿಯುವ ವೇಗವೂ ಏಕೆ ಕಡಿಮೆಯಾಯಿತು? ರಟ್ಟಿನ ಗೋಡೆಯನ್ನು ಲೋಟಕ್ಕೆ ಇನ್ನೂ ಹತ್ತಿರ ತಂದರೆ, ಇಲ್ಲವೇ ದೂರ ಸರಿಸಿದರೆ ಏನಾಗುತ್ತದೆ? ಉತ್ತರಗಳನ್ನು ನಿಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ.